ಚನ್ನಣ್ಣ ಓಡಿಸಿದ ಟ್ಯಾಂಕು

“ಇದು ಟ್ಯಾಂಕಲ್ಲ ಕಣ್ರೀ...”

ಮಂಗಳಗೌರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಬೆಳಿಗ್ಗೆಯೇ ಹೊರಟು, ಬಸ್ಸಿನಲ್ಲಿ ನಿಂತುಕೊಂಡೇ ಹುಣಸೂರಿಗೆ ಬಂದಿದ್ದಳು. ಕಾಲು ಸೋತಿತ್ತು. ಲಾರಿಗಳಿಗೆ ಮರದ ಬಾಡಿ ಕಟ್ಟುವ ಈ ಕೊಟ್ಟಿಗೆಯಲ್ಲಿ ಯುದ್ಧಕ್ಕೆ ಹೋಗಿ ಬಂದ ರುದ್ರಸ್ವಾಮಿ ಎಂಬವನೊಬ್ಬ ಇದ್ದಾನೆ, ಬೇಕಾದ ಗಾಡಿಯನ್ನು ಮರದ ಗೊಂಬೆಯಾಗಿ ಕೆತ್ತಿಕೊಡುತ್ತಾನೆ ಎಂದು ಯಾರೋ ಹೇಳಿದ್ದರು. ಆ ಮನುಷ್ಯ ನೋಡಿದರೆ, ಅಣ್ಣನ ಗಾಡಿಯ ಮೂರು ಫೋಟೋ ಕೈಗೆ ತೆಗೆದುಕೊಂಡ ತಕ್ಷಣ ಹೀಗನ್ನುವುದೇ?!

“ನೋಡ್ರೀ, ನಮ್ಮಣ್ಣ ಚನ್ನಬಸವಣ್ಣ ರಜಕ್ಕೆ ಬಂದಾಗ ಅವನ ಬಾಯಲ್ಲೇ ಹೇಳಿದ್ದ, ಟ್ಯಾಂಕ್ ಓಡಿಸ್ತೀನಿ ಅಂತ. ನಮ್ಮೂರಿಗೆಲ್ಲ ಗೊತ್ತು. ನಮ್ಮವ್ವನ್ನ ಟ್ಯಾಂಕ್ ಮಲ್ಲಮ್ಮ ಅಂತ್ಲೇ ಕರೀತಾರೆ!”

ರುದ್ರಸ್ವಾಮಿ ತಲೆ ಎತ್ತಿ ಅವಳನ್ನು ನೋಡಿದ. ಅವನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಕಣ್ಣಿನ ಕೆಳಗೆ ಹಳೆಯ ದಣಿವೊಂದು ಮನೆ ಮಾಡಿಕೊಂಡಿತ್ತು.

“ನಿಮ್ಮಣ್ಣ ಈಗ...?”

“ಬರ್ಮಾ ಗಡಿಯಿಂದ ತಂತಿ ಬಂತು. ಅಷ್ಟೇ.”

ಅವನು ಮೂಲೆಯಲ್ಲಿದ್ದ ಮಣೆಯನ್ನು ಒರೆಸಿ ಮುಂದೆ ಸರಿಸಿದ.

“ಮೊದ್ಲು ಕೂತ್ಕೊಳ್ಳಿ. ಕಾಲು ನೋಯ್ತಾ ಇರ್ಬೇಕು.”

ಮಂಗಳಗೌರಿ ಮಣೆಯನ್ನೇ ನೋಡಿದಳು. ಅಪ್ಪ ತೀರಿಕೊಂಡ ಮೇಲೆ, ಅಣ್ಣ ಹೋದ ಮೇಲೆ, ಗದ್ದೆಯಲ್ಲಾಗಲಿ ಮನೆಯಲ್ಲಾಗಲಿ ಅವಳಿಗೆ ‘ಕೂತ್ಕೋ’ ಎಂದವರು ಯಾರೂ ಇರಲಿಲ್ಲ.

ಕೂತಳು. ಆಮೇಲೆ ತಾನಾಗಿಯೇ ಮಾತು ಹೊರಬಂತು. ಅವ್ವ ಪುಟ್ಟಮಲ್ಲಮ್ಮನಿಗೆ ಕಣ್ಣು ಪೂರ್ತಿ ಹೋಗಿದೆ. ಮಗನ ಫೋಟೋ ಹಿಡಿದರೆ ಈಗ ಬರೀ ಕಾಗದ. ಅದಕ್ಕೇ ಒಂದು ದಿನ ಅವ್ವ ಕೇಳಿದ್ದಳು... ‘ಅವನು ಓಡಿಸ್ತಿದ್ದ ಗಾಡೀನ ಮರದಲ್ಲಿ ಮಾಡಿಸ್ಕೊಡು ಮಗಾ. ಮುಟ್ಟಿಯಾದ್ರೂ ನೋಡ್ತೀನಿ.’

ರುದ್ರಸ್ವಾಮಿ ಮೂರೂ ಫೋಟೋಗಳನ್ನು ಬೆಳಕಿಗೆ ಹಿಡಿದ. ಒಂದರಲ್ಲಿ ಚನ್ನಬಸವಣ್ಣ ಚಕ್ರದ ಮೇಲಿನ ಮಡ್ಗಾರ್ಡಿಗೆ ಒರಗಿ ನಗುತ್ತಿದ್ದ. ಇನ್ನೊಂದರಲ್ಲಿ ಟಾರ್ಪಾಲು ಹೊದೆಸಿದ ಗಾಡಿಯ ಪಕ್ಕ ಸಿಪಾಯಿಗಳ ಸಾಲು. ಮೂರನೆಯದರಲ್ಲಿ ಗಾಡಿ ಹೊಳೆಯ ದಂಡೆಯಲ್ಲಿತ್ತು.

“ಫೋಟೋ ಬಿಟ್ಟೋಗಿ. ಸರಿಯಾಗಿ ನೋಡ್ತೀನಿ. ನನ್ನ ಮಾತು ತಪ್ಪಾಗಿದ್ರೆ ನಾನೇ ಒಪ್ಕತೀನಿ.”

ಮುಂದಿನ ಸಂತೆಗೆ ಬಂದಾಗ ಅವನು ಇನ್ನೂ ನೋಡುತ್ತಲೇ ಇದ್ದ. ಅದರ ಮುಂದಿನ ಸಂತೆಗೂ!

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಣೆ ಹಾಕಿರುತ್ತಿದ್ದ, ಬೆಲ್ಲದ ಕಾಫಿ ತರಿಸುತ್ತಿದ್ದ, ಅಣ್ಣನ ಬಗ್ಗೆ ಕೇಳುತ್ತಿದ್ದ. ಎಷ್ಟು ಎತ್ತರ? ಚಿಕ್ಕಂದಿನಲ್ಲಿ ತುಂಟನಾ? ಊರಿನವರು ಕೇಳುವುದನ್ನೇ ಮರೆತಿದ್ದ ಪ್ರಶ್ನೆಗಳು... ವಾಪಸ್ಸು ಬಸ್ಸಿನಲ್ಲಿ ಅವಳು ಅವುಗಳನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದಳು.

‘ಇದೇನಾಗ್ತಿದೆ ನನಗೆ? ಅವ್ವನ್ನ ಬಿಟ್ಟು ಬರಲ್ಲ ಅಂತ ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದವಳು ನಾನು. ಇಪ್ಪತ್ತೇಳಾಯ್ತು. ಈಗ ಇದೆಲ್ಲ ಬೇಕಾ?’

ಮೂರನೆಯ ಸಂತೆಯ ದಿನ ಅವನು ಕೊನೆಗೂ ಹೇಳಿದ.

“ಗುರುತು ಸಿಕ್ತು. ಈ ಚಪ್ಪಟೆ ಮೂಗು ನೋಡಿ, ಮುಂದಿನ ಗಾಜು ಮೇಲ್ಗಡೆ ಮುಂದಕ್ಕೆ ಬಾಗಿದೆ. ಮೇಲೆ ಹಾರೋ ವಿಮಾನಕ್ಕೆ ಗಾಜು ಹೊಳೀಬಾರ್ದು ಅಂತ ಹಂಗೆ ಮಾಡಿರ್ತಾರೆ. ಕೆನಡಾ ದೇಶದ ಮಿಲಿಟ್ರಿ ಲಾರಿ ಇದು. ನಾನೂ ಇಂಥದ್ದೇ ಓಡಿಸ್ದೋನು.”

“ಲಾರಿನಾ...?”

“ಟಾರ್ಪಾಲಿನ ಕೆಳಗೆ ನೋಡಿ, ಸಾಲಾಗಿ ನಲ್ಲಿ ಕಾಣ್ತದೆ. ನೆಲ ಒದ್ದೆ. ಈ ಸಿಪಾಯಿಗಳ ಕೈಲಿರೋದು ಊಟದ ತಟ್ಟೆ ಅಲ್ಲ, ನೀರಿನ ಡಬ್ಬಿ. ಈ ಮೂರನೇದ್ರಲ್ಲಿ ಹೊಳೆಗೆ ಪೈಪು ಬಿಟ್ಟವ್ರೆ. ನಿಮ್ಮಣ್ಣ ಸುಳ್ಳು ಹೇಳಿಲ್ಲ. ನಾವೆಲ್ಲ ಇದನ್ನೂ ಟ್ಯಾಂಕ್ ಅಂತ್ಲೇ ಕರೀತಿದ್ದೋ. ನೀರಿನ ಟ್ಯಾಂಕು.”

ನೀರಿನ ಲಾರಿ!

ಅವಳ ಮುಖಕ್ಕೆ ರಕ್ತ ನುಗ್ಗಿತು. ಊರವರ ನಗು ಆಗಲೇ ಕಿವಿಗೆ ಬಿದ್ದಂತಾಯಿತು. ಸತ್ತ ಅಣ್ಣನಿಗೆ ಉಳಿದಿದ್ದುದು ಅದೊಂದೇ ಹೆಸರು. ಅದನ್ನೂ ಇವನು ಕಿತ್ತುಕೊಂಡನಲ್ಲ!

“ನಮ್ಮಣ್ಣ ನೀರು ಹೊರೋಕೆ ಹೋಗಿ ಸತ್ತ ಅಂತೀರಾ? ನಮ್ಮವ್ವ ಇದನ್ನ ಕೇಳಿದ್ರೆ ಉಳಿಯಲ್ಲ. ಫಿರಂಗಿ ಇರೋ ಟ್ಯಾಂಕೇ ಮಾಡ್ಕೊಡಿ, ಅವ್ವನಿಗೆ ಹೆಂಗೂ ಗೊತ್ತಾಗಲ್ಲ!”

“ಆ ತಾಯಿ ಕೈಗೆ ಸುಳ್ಳು ಕೊಡೋಕಾಗಲ್ಲ ಕಣ್ರೀ...”

“ಹಂಗಾದ್ರೆ ಏನೂ ಬೇಡ! ಸತ್ತೋರ ಮರ್ಯಾದೆ ಬದುಕಿ ಬಂದೋರಿಗೇನು ಗೊತ್ತು!”

ಅವನ ಮುಖ ಬೂದಿಯಂತಾಯಿತು. ಫೋಟೋಗಳನ್ನು ಕಿತ್ತುಕೊಂಡು ಹೊರಟವಳಿಗೆ, ಬಸ್ಸು ಹತ್ತಿದ ಮೇಲೆ ತಾನಾಡಿದ ಮಾತಿನ ಭಾರ ತಿಳಿಯಿತು. ಆದರೆ ಇಳಿದು ಹಿಂತಿರುಗುವಷ್ಟು ಶಕ್ತಿ ಇರಲಿಲ್ಲ. ಅಳುವಷ್ಟೂ ಇರಲಿಲ್ಲ.

ನಾಟಿ ಶುರುವಾಯಿತು. ಹಗಲೆಲ್ಲ ಕೆಸರಿನಲ್ಲಿ ಬಗ್ಗಿ, ಸಂಜೆ ಒಲೆ ಹಚ್ಚಿ, ಅವ್ವನ ಕೈಹಿಡಿದು ನಡೆಸಿ... ಸಂತೆಗಳು ಬಂದು ಹೋದವು. ಅವಳು ಹುಣಸೂರಿನ ಕಡೆ ತಲೆ ಹಾಕಲಿಲ್ಲ. ಅವ್ವ ಗಾಡಿಯ ಬಗ್ಗೆ ಕೇಳಿದಾಗಲೆಲ್ಲ, ‘ಇನ್ನೂ ಆಗಿಲ್ಲವಂತೆ’ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗದ್ದೆಯಿಂದ ಬರುವಷ್ಟರಲ್ಲಿ ಜಗಲಿಯ ಮೇಲೆ ರುದ್ರಸ್ವಾಮಿ ಕೂತಿದ್ದ!

ಅವ್ವನ ಮಡಿಲಲ್ಲಿ ಬೀಟೆ ಮರದ ಗಾಡಿ. ಚಪ್ಪಟೆ ಮೂಗು, ದಪ್ಪ ಚಕ್ರ, ಬೆನ್ನ ಮೇಲೆ ಉದ್ದನೆಯ ಟ್ಯಾಂಕು. ಮಂಗಳಗೌರಿ ತಡೆಯಲು ಹೋದಳು... ಅಷ್ಟರಲ್ಲಿ ಅವ್ವನ ಬೆರಳುಗಳು ಟ್ಯಾಂಕಿನ ಕೆಳಗೆ ಸರಿದವು.

“ಇದೇನಪ್ಪ ಇದು, ಸಾಲಾಗಿ? ಹಸುವಿನ ಕೆಚ್ಚಲು ಮುಟ್ಟಿದಂಗಾಯ್ತದೆ!”

“ನಲ್ಲಿ ಕಣವ್ವ. ನಿಮ್ಮ ಮಗ ಓಡಿಸ್ತಿದ್ದದ್ದು ನೀರಿನ ಗಾಡಿ. ಕಾಡೊಳಗೆ ನೀರಿರ್ಲಿಲ್ಲ. ಈ ಗಾಡಿ ಬಂದ್ರೇನೇ ನಮಗೆ ನಾಲಗೆ ನೆನೀತಿತ್ತು. ನಾನೂ ಅಂಥ ಸಾಲಲ್ಲಿ ನಿಂತಿದ್ದೆ. ಕೊಟ್ಟೋನು ನಿಮ್ಮ ಮಗನೇ ಅಂದ್ರೆ ಸುಳ್ಳಾಯ್ತದೆ... ಅಂಥೋನೊಬ್ಬ.”

“ಗುಂಡು ಹಾರಿಸ್ತಿರ್ಲಿಲ್ವಾ?”

“ಈ ಗಾಡೀಲಿ ಗುಂಡು ಹಾರಿಸೋಕೆ ಏನೂ ಇಲ್ಲ ಕಣವ್ವ.”

ಪುಟ್ಟಮಲ್ಲಮ್ಮನ ಕಾಣದ ಕಣ್ಣುಗಳಿಂದ ನೀರು ಇಳಿಯತೊಡಗಿತು. ಮಂಗಳಗೌರಿ ಓಡಿಹೋಗಿ ಅವ್ವನನ್ನು ಹಿಡಿದುಕೊಂಡಳು.

“ಅವ್ವಾ... ಬೇಜಾರಾಯ್ತಾ?”

“ಬೇಜಾರೇನ್ ಮಗಾ! ಇಷ್ಟು ವರ್ಷ ಊರೋರು ಟ್ಯಾಂಕ್ ಮಲ್ಲಮ್ಮ ಅಂದಾಗೆಲ್ಲ ನನ್ನ ಒಟ್ಟೆ ಉರೀತಿತ್ತು. ನನ್ನ ಮಗ ಎಷ್ಟು ಜನ ತಾಯಂದ್ರ ಮಡಿಲು ಬರಿದು ಮಾಡಿದ್ನೋ, ಆ ಶಾಪಕ್ಕೇ ನನ್ನ ಕಣ್ಣು ಓಯ್ತೇನೋ ಅಂದ್ಕಂಡಿದ್ದೆ. ಯಾರ ತಾವ ಹೇಳ್ಲಿ?” ಗಾಡಿಯನ್ನು ಎದೆಗೆ ಒತ್ತಿಕೊಂಡಳು. “ನನ್ನ ಕೂಸು... ಬಾಯಾರಿದೋರಿಗೆ ನೀರು ಕೊಡ್ತಿದ್ದ!”

ಮಂಗಳಗೌರಿ ದಿಗ್ಭ್ರಮೆಯಿಂದ ನೋಡಿದಳು. ಒಂದೇ ಸೂರಿನ ಕೆಳಗೆ ಅವ್ವ ಇಂಥ ಭಾರ ಹೊತ್ತಿದ್ದಳಾ? ಅದನ್ನೇ ಇನ್ನಷ್ಟು ಗಟ್ಟಿ ಮಾಡಿ ಆ ಕೈಗಿಡಲು ತಾನು ಹೊರಟಿದ್ದಳಾ!

ಅವ್ವ ಗಾಡಿ ಹಿಡಿದು ಒಳಗೆ ಹೋದ ಮೇಲೆ ಇಬ್ಬರೇ ಉಳಿದರು.

“ಅವತ್ತು ನಾನು ಆಡಬಾರದ್ದು ಆಡಿಬಿಟ್ಟೆ...”

“ನೀವು ಆಡಿದ್ದನ್ನ ನಾನೇ ನನಗೆ ದಿನಾ ಕೇಳ್ಕತಿದ್ದೆ. ನಾನ್ಯಾಕೆ ಬದುಕಿ ಬಂದೆ ಅಂತ.” ಅವನು ತನ್ನ ಕೈ ನೋಡಿಕೊಂಡ. “ಎರಡನೇ ಸಂತೆಗೇ ಗುರುತು ಸಿಕ್ಕಿತ್ತು ಕಣ್ರೀ. ಹೇಳಿಬಿಟ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು. ನೀವು ಬಂದ ದಿನ ಮಾತ್ರ ಆ ಪ್ರಶ್ನೆ ಬತ್ತಿರ್ಲಿಲ್ಲ.”

ಅವಳು ಅವ್ವ ಹೋದ ಬಾಗಿಲ ಕಡೆ ನೋಡಿದಳು.

“ನಾನು ಅವ್ವನ್ನ ಬಿಟ್ಟು ಎಲ್ಲಿಗೂ ಬರೋಳಲ್ಲ...”

“ಬಿಟ್ಟು ಬನ್ನಿ ಅಂದೋರು ಯಾರು? ನಾನೇ ಬತ್ತೀನಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಕೆಲಸ ಮಾಡ್ಕಂಡು, ಸಂಜೆ ಬಸ್ಸಿಗೆ ಬಂದ್ರಾಯ್ತು. ನೀವು ಊಂ ಅಂದ್ರೆ ಇವತ್ತೇ ಅವ್ವನ್ನ ಕೇಳ್ತೀನಿ.”

ಒಳಗಿನಿಂದ ದನಿ ಬಂತು.

“ಕಣ್ಣು ಓಗಿರೋದು ಕಣಪ್ಪ, ಕಿವಿಯಲ್ಲ! ನಾನು ಆಗ್ಲೇ ಒಪ್ಪಿ ಆಯ್ತು. ಅವಳನ್ನ ಕೇಳು!”

ಮಂಗಳಗೌರಿಗೆ ನಗು, ಅಳು ಒಟ್ಟಿಗೇ ಬಂದವು. ಊಂ ಎಂಬಂತೆ ತಲೆಯಾಡಿಸಿದಳು. ಒಲೆ ಹಚ್ಚಲು ಒಳಗೆ ಹೊರಟಳು.

“ಕೂತ್ಕೋ ಗೌರಿ. ಒಲೆ ನಾನು ಹಚ್ತೀನಿ.”

“ಅಡುಗೆ ಬತ್ತದಾ ನಿಮಗೆ?”

“ಬತ್ತದೆ. ಆದ್ರೆ ಮುದ್ದೆ ಗಂಟಾಯ್ತದೆ...”

“ಆಗ್ಲಿ ಬುಡಿ,” ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. “ಗಂಟಾದ್ರೂ ಉಣ್ತೀನಿ.”