ಹಿಮ್ಮಡಿಗೆ ಸಿಡಿದ ನೀರು

ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಎರೆನಾಡು ಎಂಬ ರಾಜ್ಯವೊಂದಿತ್ತು. ಅದಕ್ಕೊಬ್ಬ ರಾಜನೂ ಇದ್ದ. ಅವನು ಕತೆಯ ಕೊನೆಗೆ ಊಟಕ್ಕೆ ಬರುತ್ತಾನೆ, ಅಲ್ಲಿಯವರೆಗೆ ಅರಮನೆಯಲ್ಲೇ ಇರಲಿ ಬಿಡಿ.

ಆ ರಾಜ್ಯದಲ್ಲಿ ಕುಸುಬಿಹಾಳ ಎಂಬ ಊರು. ಚಳಿಗಾಲ ಬಂತೆಂದರೆ ಆ ಊರಿನ ಕಪ್ಪು ನೆಲದ ತುಂಬ ಆಳೆತ್ತರದ ಬಿಳಿಜೋಳ, ನಡುನಡುವೆ ಹಳದಿ ಕುಸುಬೆ, ಬದುವಿನ ಅಂಚಿಗೆ ನೀಲಿ ಅಗಸೆಹೂವು. ಬೆಳಗಾಗುವ ಮೊದಲೇ ಹೆಂಗಸರು ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಡನೆ ಇಳಿಯುವ ಹುಳಿಯನ್ನು ಹಿಂಡಿ ಮಡಕೆಗೆ ತುಂಬುತ್ತಿದ್ದರು. ಆಕಾಶ ಅಲ್ಲಿ ಎಷ್ಟು ದೊಡ್ಡದಾಗಿತ್ತೆಂದರೆ, ಹೊಸಬರು ಬಂದರೆ ಮಾತು ಮರೆತು ನಿಂತುಬಿಡುತ್ತಿದ್ದರು.

ಹೊಸಬರಿರಲಿ, ಅಲ್ಲೇ ಹುಟ್ಟಿದ ಕಾಶವ್ವನೂ ಹಾಗೇ ನಿಲ್ಲುತ್ತಿದ್ದಳು. ಅಪ್ಪ ಅವ್ವ ಇಲ್ಲದ ಆ ಹುಡುಗಿಗೆ ಅಜ್ಜಿ ಭರಮವ್ವ ಮತ್ತು ಊರು, ಇವೆರಡೇ ಬಳಗ. ಸಂಜೆಯಾದರೆ ಊರ ಹಳೆಯ ಬುರುಜು ಹತ್ತಿ ಕಣ್ಣು ತುಂಬುವಷ್ಟು ನೋಡುತ್ತಿದ್ದಳು. "ಎಲ್ಲಿಂದರ ಒಂದ್ ಎಲಿ ತಂದು ತೋರಿಸ್ರಿ, ನಮ್ಮೂರಿಂದು ಹೌದೋ ಅಲ್ಲೋ ನೋಡೇ ಹೇಳ್ತೀನಿ!" ಎಂದು ಜಂಬ ಕೊಚ್ಚುತ್ತಿದ್ದಳು. ಆ ಜಂಬಕ್ಕೆ ಏನಾಯಿತೆಂದು ಕೇಳಿ.

ಎಳ್ಳಮಾಸೆ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಬಂತು. ಅಂದು ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಉಣ್ಣುವ ಮೊದಲು ಭೂಮಿಗೆ ಒಂದು ಪಾಲು. ಅದಕ್ಕೆ ಚರಗ ಎನ್ನುತ್ತಾರೆ. ಹಾವು, ಇಲಿ, ಹಕ್ಕಿ, ಹುಳ, ಎಲ್ಲಕ್ಕೂ ಅದರಲ್ಲಿ ತುತ್ತುಂಟು. ಮುಂದೆ ಹೋಗುವವರು ಬುಟ್ಟಿಯಿಂದ ಕಡುಬು, ರೊಟ್ಟಿ ಚೆಲ್ಲುತ್ತ "ಹುಲ್ಲುಲ್ಲಿಗೋ!" ಎಂದು ಕೂಗಬೇಕು. ಹಿಂದೆ ಬರುವವರು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಂಬರಿಗೋ!" ಎಂದು ಓಗೊಡಬೇಕು. ಮುಂದಿನವರು ಮಾತ್ರ ತಿರುಗಿ ನೋಡುವಂತಿಲ್ಲ.

ಕಾಶವ್ವನ ಮನೆಯಲ್ಲಿ ಓಗೊಡುವವಳು ಅಜ್ಜಿ. ಭರಮವ್ವ ಚಿಮುಕಿಸುತ್ತಿರಲಿಲ್ಲ, ಎರಚುತ್ತಿದ್ದಳು. ವರ್ಷಾ ವರ್ಷಾ ಮೊಮ್ಮಗಳ ಹಿಮ್ಮಡಿಯೆಲ್ಲ ಒದ್ದೆ. "ಎಷ್ಟ್ ಸಲ ಹೇಳ್ಬೇಕ ಅಜ್ಜೀ, ಸೀರಿ ತೋಯ್ತದ!" ಎಂದು ಇವಳು ರೇಗಿದರೆ, "ಭೂಮಿತಾಯಿಗೆ ಹಾಕಾಕತ್ತೀನಿ. ನೀ ಯಾಕ ಅಡ್ಡ ಬರ್ತಿ?" ಎಂದು ಅಜ್ಜಿ ನಗುತ್ತಿದ್ದಳು.

ಅವರ ಹೊಲ ಹಳ್ಳದ ಆಚೆಗೆ, ಊರ ಗಡಿಗೂ ಹೊರಗೆ. ಕಾಶವ್ವ ಬುಟ್ಟಿ ಹೊತ್ತು ಹಳ್ಳ ದಾಟಿದಳು. ಅಜ್ಜಿ ತಂಬಿಗೆಗೆ ನೀರು ತುಂಬಿಕೊಳ್ಳುತ್ತ ಈಚೆ ದಂಡೆಯಲ್ಲೇ ಉಳಿದಳು. ಹೊಲ ಮುಟ್ಟಿದ ಕಾಶವ್ವ ಒಂದು ಹಿಡಿ ಚೆಲ್ಲಿ "ಹುಲ್ಲುಲ್ಲಿಗೋ!" ಎಂದಳು.

ಓ ಎನ್ನುವವರಿಲ್ಲ. ಇನ್ನೊಮ್ಮೆ ಕೂಗಿದಳು. ತಡೆಯಲಾರದೆ ತಿರುಗಿ ನೋಡಿದಳು. ಅಜ್ಜಿ ಇಲ್ಲ, ಹಳ್ಳ ಇಲ್ಲ, ಜೋಳ ಇಲ್ಲ, ಬುರುಜು ಇಲ್ಲ. ಕುಸುಬಿಹಾಳ ಇದ್ದ ಜಾಗದಲ್ಲಿ ಒರೆಸಿಟ್ಟ ಹಂಚಿನಂಥ ಬೋಳು ನೆಲ. ಕಾಶವ್ವ ತಾನು ತಿರುಗಿ ನೋಡಿದ್ದಕ್ಕೇ ಹೀಗಾಯಿತೆಂದು ನೆಲಕ್ಕೆ ಕುಸಿದು ಅತ್ತಳು.

ಅವರ ಹೊಲದ ಬದುವಿನ ಬನ್ನಿಮರದಲ್ಲಿ ಹಾಲಕ್ಕಿಯೊಂದು ಕೂತಿತ್ತು. ಅದು ಮಾತಾಡಿತು. "ನಿನ್ನ ತಪ್ಪಲ್ಲ ಮಗಳ. ಕರಿಗುಡ್ಡದ ಮಾಂತ್ರಿಕ ಕಂದರಾಕ್ಷ ಅದಾನಲ್ಲ, ಅವನ ಕೆಲಸ. ಅವ ರೆಪ್ಪಿ ಬಡಿಯದ ನೋಡಿದ್ದೆಲ್ಲ ಅವನ ಗಾಜಿನ ಗೋಲದಾಗ ಬೀಳ್ತದ. ಚೆಂದ ಇದ್ದದ್ದೆಲ್ಲ ತನಗೊಬ್ಬಗ ಬೇಕು ಅವಗ. ಹೊತ್ತು ಮುಳುಗೋದ್ರಾಗ ಬಿಡಿಸಿದಿ, ಬಿಡಿಸಿದಿ. ಇಲ್ಲಂದ್ರ ನಿಮ್ಮೂರು ಅಲ್ಲೇ ಕಾಯಂ."

ಕಾಶವ್ವ ಕಣ್ಣೊರೆಸಿಕೊಂಡು ಬುಟ್ಟಿ ಹೊತ್ತಳು. ನಡೆದಳು, ನಡೆದಳು, ಕರಿಗುಡ್ಡದ ಬುಡಕ್ಕೆ ಬಂದಳು.

ಮೊದಲ ಬಾಗಿಲಿಗೆ ಒಂದು ಕಲ್ಲಿನ ಸರ್ಪ ಸುತ್ತಿಕೊಂಡಿತ್ತು. ಹೆಡೆಯೆತ್ತಿದರೆ ಬಾಗಿಲೇ ಕಾಣದು. "ಬಾಣ ತಂದೀಯೋ, ಕತ್ತಿ ತಂದೀಯೋ?" ಎಂದು ಬುಸುಗುಟ್ಟಿತು. ಕಾಶವ್ವ ಬುಟ್ಟಿ ಇಳಿಸಿ, "ಎರಡೂ ಇಲ್ಲೋ ಯಪ್ಪಾ, ಇವತ್ತ ಎಳ್ಳಮಾಸಿ. ನಿನ್ನ ಪಾಲು ತಂದೀನಿ," ಎಂದು ಕಡುಬು ಚೆಲ್ಲಿ "ಹುಲ್ಲುಲ್ಲಿಗೋ!" ಎಂದಳು. ಸರ್ಪ ತಿಂದಿತು. ತಿನ್ನುತ್ತ ತಿನ್ನುತ್ತ ಅದರ ಕಲ್ಲಿನ ಮೈ ಮೆತ್ತಗಾಗಿ, ಪೊರೆ ಮಿನುಗಿತು. "ನಾನೂ ಒಂದು ಹೊಲದ ಹುತ್ತದಾಗ ಇದ್ದೆ," ಎಂದು ಮೆಲ್ಲಗೆ ಹೇಳಿ ಸರಿದು ದಾರಿ ಬಿಟ್ಟಿತು.

ಗುಡ್ಡ ಹತ್ತಿದರೆ ಎರಡನೆಯ ಬಾಗಿಲಲ್ಲಿ ಕಬ್ಬಿಣದ ಕೊಕ್ಕಿನ ಹಕ್ಕಿಗಳ ಹಿಂಡು. ಅವು ಹಾರಿಬಂದಾಗ ಬಿಸಿಲೇ ಮುಚ್ಚಿತು. ಕಾಶವ್ವ ಸಜ್ಜೆ ರೊಟ್ಟಿ ಮುರಿದು ಎರಚಿ ಕೂಗಿದಳು. ಹಿಂಡಿಗೆ ಹಿಂಡೇ ಇಳಿದು ಹೆಕ್ಕಿತು. ಕಬ್ಬಿಣ ಉದುರಿ, ಹೊಲದ ಗುಬ್ಬಿಗಳಾಗಿ ಚಿಲಿಪಿಲಿ ಎಂದವು. ಬುಟ್ಟಿಯಲ್ಲಿ ಉಳಿದದ್ದು ಒಂದು ಚಿಟಿಕೆ ಪುಡಿ.

ಒಳಗೆ ಕಂದರಾಕ್ಷ ಕೂತಿದ್ದ. ಅವನ ಕಣ್ಣು ಗವಿಗಳ ಹಾಗೆ ಆಳ, ರೆಪ್ಪೆ ಅಲುಗುತ್ತಿರಲಿಲ್ಲ. ಸುತ್ತ ಗೋಡೆಯುದ್ದಕ್ಕೂ ಗಾಜಿನ ಗೋಲಗಳು. ಒಂದರಲ್ಲಿ ಜಲಪಾತ, ಒಂದರಲ್ಲಿ ನವಿಲುಗಾಡು, ಒಂದರಲ್ಲಿ ಇಡೀ ಒಂದು ಕಡಲು ಅಲೆಯೆದ್ದು ಮುರಿಯುತ್ತಿತ್ತು. ಅಷ್ಟು ಸಂಕಟದಲ್ಲೂ ಕಾಶವ್ವ ಬಾಯಿ ತೆರೆದು ನೋಡಿದಳು.

"ಊರು ಕೇಳಲಿಕ್ಕೆ ಬಂದೆಯಾ?" ಎಂದು ಮಾಂತ್ರಿಕ ಅವಳ ಮುಂದೆ ಮೂರು ಗೋಲ ಇಟ್ಟ. "ಒಂದು ನಿಜ, ಎರಡು ನಾನು ಮಾಡಿದ್ದು. ಸರಿಯಾದುದನ್ನು ಆರಿಸಿದರೆ ನಿನ್ನದು. ತಪ್ಪಿದರೆ ನೀನೂ ಒಳಗೆ ಗೊಂಬೆಯಾಗಿ ನಿಲ್ಲು."

ಕಾಶವ್ವ ಬಗ್ಗಿ ನೋಡಿದಳು. ಮೂರರಲ್ಲೂ ಕುಸುಬಿಹಾಳ. ಮೂರರಲ್ಲೂ ಅದೇ ಜೋಳ, ಅದೇ ಅಗಸೆಹೂವು, ಬುರುಜಿನ ಅದೇ ಬಿರುಕು. ಮೂರರಲ್ಲೂ ಹಳ್ಳದ ದಂಡೆಗೆ ಅಜ್ಜಿ, ಕೈಯಲ್ಲಿ ತಂಬಿಗೆ. ಎಲೆ ಎಲೆ ನೋಡಿದಳು. ಒಂದು ಎಲೆಯೂ ಬೇರೆಯಿರಲಿಲ್ಲ. ಕಿಟಕಿಯಾಚೆ ಸೂರ್ಯ ದೂರದ ಗುಡ್ಡದ ನೆತ್ತಿಗೆ ಇಳಿಯುತ್ತಿದ್ದ. ಇಷ್ಟು ವರ್ಷ ನೋಡಿ ನೋಡಿ ಪ್ರೀತಿಸಿದ ಊರು ಕಣ್ಣಿಗೆ ಸಿಗದೆ ಹೋಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅಳು ಬಂತು.

ಆಗ ಬುಟ್ಟಿಯ ತಳದ ಪುಡಿ ನೆನಪಾಯಿತು. ಕಾಶವ್ವ ಗೋಲಗಳಿಗೆ ಬೆನ್ನು ತಿರುಗಿಸಿ ನಿಂತಳು.

"ನೋಡುವುದಿಲ್ಲವೇ?" ಎಂದ ಮಾಂತ್ರಿಕ.

"ನೋಡಬಾರದು. ನಮ್ಮ ಪದ್ಧತಿ ಹಂಗದ," ಎಂದು ಅವಳು ಪುಡಿ ಚೆಲ್ಲಿ, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು: "ಹುಲ್ಲುಲ್ಲಿಗೋ!"

"ಚಲ್ಲಂಬರಿಗೋ!"

ಮೂರೂ ಗೋಲಗಳಿಂದ ಒಟ್ಟಿಗೇ ಬಂತು, ಮೂರೂ ಅಜ್ಜಿಯದೇ ಒಡಕು ದನಿ. ಕಂದರಾಕ್ಷ ಗಹಗಹಿಸಿ ನಕ್ಕ. ಅಷ್ಟರಲ್ಲಿ ಕಾಶವ್ವನ ಬಲಗಾಲ ಹಿಮ್ಮಡಿಗೆ ತಣ್ಣಗೆ ನೀರು ಸಿಡಿಯಿತು. ಸೀರೆಯಂಚು ತೊಯ್ದು ಕಾಲಿಗೆ ಅಂಟಿತು.

"ಬಲಗಡೀದು!" ಎಂದು ಚೀರಿದಳು ಕಾಶವ್ವ. "ಬಲಗಡೀದು ನಮ್ಮೂರು! ಅಲ್ಲಿರೋಳು ನಮ್ಮಜ್ಜಿ!"

ಭರಮವ್ವ ಎರಚಿದ್ದು ಅಳತೆಯಲ್ಲಿರಲಿಲ್ಲ ನೋಡಿ, ಮಿಕ್ಕ ನೀರು ನೆಟ್ಟಗೆ ಹೋಗಿ ಮಾಂತ್ರಿಕನ ಕಣ್ಣಿಗೆ ಬಿತ್ತು. ಹುಟ್ಟಿದಂದಿನಿಂದ ಬಡಿಯದ ರೆಪ್ಪೆ ಪಟಕ್ಕನೆ ಬಡಿಯಿತು. ಗೋಲಗಳೆಲ್ಲ ಒಡೆದವು. ಜಲಪಾತ ತನ್ನ ಬೆಟ್ಟಕ್ಕೆ ಹೊರಟಿತು, ಕಡಲು ತನ್ನ ದಂಡೆಗೆ ಹೊರಟಿತು, ನವಿಲುಗಳು ಕೂಗುತ್ತ ಹಾರಿದವು.

ಕಾಶವ್ವ ಮಾತ್ರ ತಿರುಗಿ ನೋಡಲಿಲ್ಲ. ಕೂಗುತ್ತ ಗುಡ್ಡ ಇಳಿದಳು. ಹಿಂದೆ ಒಬ್ಬಳ ಓಗೊಡುವಿಕೆ ಹತ್ತು ಜನರದಾಯಿತು, ಇಡೀ ಊರಿನದಾಯಿತು. ಎತ್ತಿನ ಗೆಜ್ಜೆ ಕೇಳಿಸಿತು, ಹಳ್ಳದ ಜುಳುಜುಳು ಕೇಳಿಸಿತು, ಜೋಳದ ಗರಿ ಗಾಳಿಗೆ ಸರಸರ ಎಂದಿತು. ಕುಸುಬಿಹಾಳ ಅವಳ ಬೆನ್ನ ಹಿಂದೆ ನಡೆದು ಬರುತ್ತಿತ್ತು. ಬನ್ನಿಮರ ಮುಟ್ಟಿ, ಬರಿದಾದ ಬುಟ್ಟಿ ಇಳಿಸಿ, ಆಮೇಲೆ ತಿರುಗಿದಳು. ಸೂರ್ಯನ ಕೊನೆಯ ಬೆಳಕಲ್ಲಿ ಬಿಳಿ, ಹಳದಿ, ನೀಲಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಅಷ್ಟು ಚೆಂದವನ್ನು ಅವಳು ಎಂದೂ ಕಂಡಿರಲಿಲ್ಲ.

ಕಂದರಾಕ್ಷನೂ ಕಣ್ಣು ಉಜ್ಜಿಕೊಳ್ಳುತ್ತ ಹಿಂದೆಯೇ ಬಂದಿದ್ದ. ಅವನ ಕಣ್ಣೀಗ ಎಲ್ಲರ ಕಣ್ಣಿನಂತಾಗಿತ್ತು. "ಹಸಿದೀಯೇನೋ?" ಎಂದು ಭರಮವ್ವ ಅವನ ಕೈಗೂ ರೊಟ್ಟಿ ಇಟ್ಟಳು. ಸುದ್ದಿ ಕೇಳಿ ರಾಜ ಬಂದ, ಎಳ್ಳಿನ ಹೋಳಿಗೆ ಉಂಡ, ಇನ್ನೊಂದು ಕೇಳಿ ಹಾಕಿಸಿಕೊಂಡ. ಎಲ್ಲರೂ ಹೊಟ್ಟೆ ತುಂಬ ಉಂಡು ನೆಮ್ಮದಿಯಿಂದ ಬಾಳಿದರು.

ಮರುವರ್ಷ ಎಳ್ಳಮಾಸೆಗೆ ಕಾಶವ್ವ ಬುಟ್ಟಿ ಹೊತ್ತು ಮುಂದೆ ನಡೆದಳು. ಹಿಂದೆ ಅಜ್ಜಿ ಏಕೋ ಹುಷಾರಾಗಿ ಹನಿ ಹನಿಯಾಗಿ ಚಿಮುಕಿಸುತ್ತಿದ್ದಳು.

"ಅಜ್ಜೀ," ಎಂದಳು ಕಾಶವ್ವ ತಿರುಗದೆ, "ಸೀರಿ ತೋಯ್ದ್ರ ತೋಯ್ಲಿ, ಜೋರಾಗಿ ಹಾಕು."