ಮಾಚವ್ವ ಸಾಕಿದ ಹಸಿರು ಬೂಷ್ಟು

ಬಹಳ ಬಹಳ ಹಿಂದೆ, ಬೆಳ್ಳಿಬೆಟ್ಟಗಳ ಆಚೆ ಧವಳಪುರವೆಂಬ ರಾಜ್ಯವಿತ್ತು. ಸಿಂಹಾಸನ ಬೇಕೆಂದು ಬಂದ, ಗಂಜಿಯಂತೆ ಬಿಳಿಚಿದ ಮೈಯ ಮಾಂತ್ರಿಕ ಕರಾಳಾಕ್ಷನನ್ನು ರಾಜ ಹೊರಗಟ್ಟಿದ. ಮಾಂತ್ರಿಕ ಊರಬಾಗಿಲಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟ. ಅಂದು ಹಬ್ಬ. ಗಂಜಿ ಹಾಕಿದ ಬಟ್ಟೆ ಉಟ್ಟವರೆಲ್ಲ ನಿಂತಲ್ಲೇ ನಿಂತರು. ಬಟ್ಟೆ ಕಲ್ಲಾಗಿತ್ತು, ದಿನಕ್ಕೊಂದು ಎಳೆಯಷ್ಟು ಎದೆಯನ್ನು ಬಿಗಿಯುತ್ತಿತ್ತು.

ಊರಿಗೆಲ್ಲ ಗಂಜಿ ಹಾಕುವ ಮಡಿವಾಳಗಿತ್ತಿ ಮಾಚವ್ವನ ಹಳೇ ಸೀರೆಗೆ ಗಂಜಿಯಿರಲಿಲ್ಲ. ಅವಳು ಉಳಿದಳು. ಗಂಡ ಹೊನ್ನಯ್ಯ, ಮಗಳು ನೀಲಿ ತಮ್ಮ ಬಟ್ಟೆಯೊಳಗೇ ಸೆರೆಯಾದರು. ಅವರ ಬಟ್ಟೆಗೆ ಗಂಜಿ ಹಾಕಿದ್ದು ಅವಳದೇ ಕೈ.

ಅಳುತ್ತ ಕೂತವಳಿಗೆ ತೌಡಿನ ಮಡಕೆಯಲ್ಲಿ ಹಸಿರು ಬೂಷ್ಟು ಕಂಡಿತು. ಮಡಕೆಗೆ ಮುಚ್ಚಿದ್ದ ಗಂಜಿಬಟ್ಟೆಯೂ ಕಲ್ಲಾಗಿತ್ತು. ಬೂಷ್ಟು ತಾಗಿದ ಅಂಚು ಮಾತ್ರ ಮೆತ್ತಗಿತ್ತು.

"ನನ್ನ ರಸ ಗಂಜಿಯನ್ನು ಕರಗಿಸುತ್ತದೆ ತಾಯೀ," ಎಂದಿತು ಬೂಷ್ಟು. "ಆದರೆ ಇಷ್ಟು ಸಾಲದು. ನನ್ನನ್ನು ಬೆಳೆಸು. ಮೂರೇ ಸಲ ಮೊಳೆಯಬಲ್ಲೆ."

"ಹೇಗೆ ಬೆಳೆಸಲಿ?"

"ನನಗೆ ಯಾವುದು ಹಿತವೋ ನನಗೇ ಗೊತ್ತಿಲ್ಲ. ನೀನೇ ಹುಡುಕಬೇಕು."

ಬೇಗ ಬೆಳೆಯಲೆಂದು ಮೊದಲ ಸಲ ಬೂಷ್ಟಿನ ಒಂದು ಚಿಟಿಕೆ ಬೆರೆಸಿದ ತೌಡನ್ನು ಒಲೆಯ ಪಕ್ಕ ಇಟ್ಟಳು. ಐದನೆಯ ದಿನ ಬೂಷ್ಟು ಒಣಗಿ ಬೂದಿಯಾಯಿತು. ಅಂದು ಬೀದಿಯಲ್ಲಿ ಆರು ಜನ ಸತ್ತರು.

ಎರಡನೆಯ ಸಲ ಇನ್ನೊಂದು ಚಿಟಿಕೆ ಬೆರೆಸಿ, ನೀರು ಸುರಿದು ನೆಲಮಾಳಿಗೆಯ ತಂಪಿನಲ್ಲಿಟ್ಟಳು. ಐದನೆಯ ದಿನ ತೌಡು ಕೊಳೆತು ನಾರಿತು. ಅಂದು ಹೊನ್ನಯ್ಯನ ಉಸಿರು ನಿಂತಿತು.

ಮಾಚವ್ವನಿಗೆ ಅಳಲೂ ಪುರುಸೊತ್ತಿರಲಿಲ್ಲ. "ಉರಿಯೂ ಬೇಡ, ಚಳಿಯೂ ಬೇಡ. ಇದಕ್ಕೆ ಬೇಕಾದ್ದು ಮೈಯ ಬಿಸಿ," ಅಂದುಕೊಂಡಳು. ಹಿಡಿದರೆ ಉಂಡೆಯಾಗುವಷ್ಟು, ಹಿಂಡಿದರೆ ಹನಿ ಬೀಳದಷ್ಟು ತೌಡನ್ನು ನೆನೆಸಿದಳು. ತುಸು ಹುಣಸೆಹುಳಿಯನ್ನೂ ಉಳಿದ ಬೂಷ್ಟನ್ನೂ ಬೆರೆಸಿದಳು. ಗಾಳಿಯಾಡಲೆಂದು ಮೊರದಲ್ಲಿ ತೆಳ್ಳಗೆ ಹರಡಿ, ಹೊಟ್ಟೆಗೆ ಒತ್ತಿಕೊಂಡು, ಮಗಳ ಕಾಲಬುಡದಲ್ಲೇ ಮಲಗಿದಳು.

ಐದನೆಯ ದಿನ ಮೊರವೆಲ್ಲ ಹಸಿರಾಯಿತು. ನೀರಲ್ಲಿ ಕಲಸಿ ಸೋಸಿದಳು. ಕೊಡ ತುಂಬಿತು, ಎಷ್ಟು ಬಗ್ಗಿಸಿದರೂ ಬರಿದಾಗಲಿಲ್ಲ.

ಕರಾಳಾಕ್ಷ ಓಡಿಬಂದ. "ಆ ಕೊಡ ಇತ್ತ ಕೊಡು! ನಿನ್ನ ಗಂಡನನ್ನು ಬದುಕಿಸುತ್ತೇನೆ."

ಮಾಚವ್ವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ, "ನಿನಗೆ ಕೊಲ್ಲುವುದಷ್ಟೇ ಗೊತ್ತು," ಎಂದು ಅವನ ಮೇಲೆಯೇ ಎರಚಿದಳು. ಮಂತ್ರಶಕ್ತಿಯಿಂದ ಅವನು ಗಂಜಿಯಲ್ಲೇ ಕಟ್ಟಿಕೊಂಡಿದ್ದ ಮೈ ಕರಗಿ ಮೋರಿ ಸೇರಿತು.

ರಸ ಎರೆದೊಡನೆ ನೀಲಿಯ ಸೀರೆ ಮೆತ್ತಗಾಯಿತು. ಬೀದಿಬೀದಿಯಲ್ಲಿ ಎರಚುತ್ತ ಹೋದಂತೆ, ಉಸಿರಿದ್ದ ಜನ ಕೆಮ್ಮುತ್ತ ಕೈಕಾಲು ಆಡಿಸಿದರು.

"ಅವ್ವಾ, ಅಪ್ಪ ಯಾಕೆ ಇನ್ನೂ ಹಾಗೇ ನಿಂತಿದ್ದಾನೆ?"

ಮಾಚವ್ವ ಹೊನ್ನಯ್ಯನ ಧೋತರಕ್ಕೆ ರಸ ಎರೆದಳು. ತಾಯಿಮಗಳು ಅವನನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಮಲಗಿಸಿದರು.

ಧವಳಪುರದ ಜನ ಅಂದಿನಿಂದ ಸುಖವಾಗಿ ಬಾಳಿದರು. ವರುಷಗಳು ಉರುಳಿದ ಮೇಲೆ ಆ ತಾಯಿಮಗಳೂ ನಕ್ಕರಂತೆ.