ಮೂರನೇ ಕೌಂಟರಿನ ಗೀರುಗಳು

"ನನ್ನ ಮೇಲೆ ದೂರು ಹೇಳಿದ್ದು ನೀವೇ ಅಲ್ವಾ?"

ಬಸ್ ನಿಲ್ದಾಣದ ಮೂರನೇ ಟಿಕೆಟ್ ಕೌಂಟರ್ ಇನ್ನೂ ತೆರೆದಿರಲಿಲ್ಲ. ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಶೀಟಿನ ಆಚೆ ಗುಮಾಸ್ತ, ಈಚೆ ಬಕೆಟ್ ಹಿಡಿದು ಹಾಗೆ ಕೇಳಿದ ಅವಳು, ನಿಲ್ದಾಣ ಒರೆಸುವವಳು. ಆರು ತಿಂಗಳಿಂದ ದಿನಾ ಮುಖ ನೋಡಿಕೊಂಡವರು ಮಾತಾಡಿದ್ದು ಇದೇ ಮೊದಲು. ಶುಭಾರಂಭವೇನೋ ಚೆನ್ನಾಗಿಯೇ ಆಯಿತು!

ನಿಲ್ದಾಣದಲ್ಲಿ ಎಲ್ಲರೂ ಅವಳನ್ನು 'ಕನ್ನಡಿ' ಎನ್ನುತ್ತಿದ್ದರು. ಅವಳು ಒದ್ದೆ ಪೇಪರ್ ಉಜ್ಜಿದ ಕಿಟಕಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಆದರೆ ಬೇಗ ಗೀರು ಬೀಳುವ ಪ್ಲಾಸ್ಟಿಕ್ಕಿಗೆ ಅವಳು ಪೇಪರ್ ಮುಟ್ಟಿಸುತ್ತಿರಲಿಲ್ಲ. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ.

ಅಂಥವಳು ಒರೆಸುವ ಈ ಶೀಟಿನ ತುಂಬ ಈಗ ಕೂದಲೆಳೆಯಂಥ ಗೀರುಗಳು. ಮೊನ್ನೆ ಸೂಪರ್‌ವೈಸರ್ ಕೂಗಾಡಿದ್ದರು: "ಇನ್ನೊಂದು ಗೀರು ಕಂಡ್ರೆ ಕೆಲಸಕ್ಕೆ ಬರಬೇಡ!" ನಿನ್ನೆ ಗುಮಾಸ್ತ ಅವರಿಗೆ ಶೀಟು ತೋರಿಸಿ ಏನೋ ಹೇಳುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಇವತ್ತು ಆಫೀಸಿಗೆ ಕರೆ ಬಂದಿತ್ತು.

'ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ? ಇವನ ಮುಖ ಚೆನ್ನಾಗಿ ಕಾಣಲಿ ಅಂತ ಇದೊಂದನ್ನೇ ಎರಡೆರಡು ಸಲ ಒರೆಸ್ತಿದ್ದೆನಲ್ಲ... ಪೆದ್ದಿ!'

"ಹೇಳಿದ್ದು ನಾನೇ," ಎಂದ ಅವನು. "ಗೀರಿದ್ದೂ ನಾನೇ."

"ಏನು?"

"ಹೋದ ವಾರ ಕೈ ಸುಟ್ಕೊಂಡು ಪಟ್ಟಿ ಕಟ್ಕೊಂಡೇ ಬಂದ್ರಲ್ಲ... ನಾನೇ ಬೇಗ ಬಂದು ಒರೆಸಿದ್ರೆ ನಿಮಗೊಂದು ಕೆಲಸ ಕಮ್ಮಿ ಆಗುತ್ತೆ ಅಂದ್ಕೊಂಡೆ. ನೀವು ಕಿಟಕಿಗೆ ಪೇಪರ್ ಉಜ್ಜೋದು ನೋಡಿದ್ದೆ."

"ಇದಕ್ಕೂ ಪೇಪರ್ ಉಜ್ಜಿದ್ರಾ? ಧೂಳಿನ ಮೇಲೇನೇ?"

"ಐದು ದಿನ. ಚೆನ್ನಾಗಿ ಒತ್ತಿ."

ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು.

"ತಪ್ಪು ನನ್ನದೇ ಅಂತ ಬರೆದು ಕೊಟ್ಟಿದ್ದೀನಿ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ಆಫೀಸಿಗೆ ಕರೆದಿರೋದು ಅದನ್ನ ಹೇಳೋಕೇ."

"ನನಗೇ ಮೊದಲು ಹೇಳಬಾರದಿತ್ತಾ?"

"ಆರು ತಿಂಗಳಿಂದ ಹೇಳ್ಬೇಕು ಅಂತಾನೇ ಇದ್ದೀನಿ... ಗೀರಿನ ವಿಷಯ ಅಲ್ಲ." ಅವನು ತಲೆ ತಗ್ಗಿಸಿದ. "ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಬಕೆಟ್ ಕೆಳಗಿಟ್ಟಳು. ಬಟ್ಟೆಯನ್ನು ಸೋಪಿನ ನೀರಲ್ಲಿ ಅದ್ದಿ ಹಿಂಡಿದಳು.

"ಈಚೆ ಬನ್ನಿ."

ಅವನು ಪಕ್ಕದ ಬಾಗಿಲಿಂದ ಓಡಿ ಬಂದ. ಅವಳು ಬಟ್ಟೆಯನ್ನು ಅವನ ಕೈಗಿಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಮೆತ್ತಗೆ. ಒತ್ತಬಾರದು."

"ಹೀಗಾ?"

"ಹೂಂ... ನಾಳೆನೂ ಬೇಗ ಬರ್ತೀರಾ?"

"ದಿನಾ ಬರ್ತೀನಿ!"

"ಬನ್ನಿ. ಪೇಪರ್ ಮಾತ್ರ ತರಬೇಡಿ."